ಬಾಬಾಸಾಬನ ಕಾರ್ಡುಗಳನ್ನು ಕಾದವನು

ತಿರುಮಲೇಶ ಕೈ ತೊಳೆದುಕೊಳ್ಳುವುದನ್ನು ಮೊದಲ ಸಲ ನೋಡಿದವರು, ಈತ ಯಾವುದೋ ಶಸ್ತ್ರಚಿಕಿತ್ಸೆಗೆ ಸಿದ್ಧನಾಗುತ್ತಿದ್ದಾನೆಂದೇ ತಿಳಿದಾರು. ಸಾಬೂನು ಹಚ್ಚಿ, ಬೆರಳ ಸಂದುಸಂದುಗಳನ್ನೂ ಉಜ್ಜಿ, ಹಳೆಯ ಪಂಚೆಯ ಮೆತ್ತನೆಯ ತುಂಡಿನಿಂದ ಒರೆಸಿಕೊಂಡ ಮೇಲೂ ಅವನಿಗೆ ಸಮಾಧಾನವಿಲ್ಲ. ಎರಡೂ ಅಂಗೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಪಡಸಾಲೆಯ ಉದ್ದಕ್ಕೂ ನಾಲ್ಕು ಸಲ ಹೋಗಿಬರುತ್ತಾನೆ. ಆ ಹೊತ್ತಿನಲ್ಲಿ ಯಾರೇ ಮಾತಿಗೆಳೆಯಲಿ, “ತಡೀರಿ, ಕೈ ಆರ್ಲಿ” ಎಂಬುದೊಂದೇ ಉತ್ತರ. ಕೈ ಆರಿತೆಂದು ಖಾತ್ರಿಯಾದ ಮೇಲೆಯೇ ಬೀರುವಿನ ಬಾಗಿಲು ತೆರೆಯುತ್ತದೆ. ಅದರ ನಡುವಣ ಅರೆಯಲ್ಲಿ, ಹೆಂಡತಿ ಸುಮಂಗಲಾಳ ಮದುವೆಯ ಸೀರೆಯ ಮಗ್ಗುಲಲ್ಲಿ, ಮೂವತ್ತು ವರ್ಷಗಳ ಹಿಂದೆ ಶಾಲೆಯ ಹುಡುಗರು ಆಡುತ್ತಿದ್ದ ಟ್ರಂಪ್ ಕಾರ್ಡುಗಳಿವೆ: ಒಂದೊಂದರ ಮೇಲೂ ಒಬ್ಬ ಕುಸ್ತಿಪಟುವಿನ ಚಿತ್ರ, ಕೆಳಗೆ ಅವನ ಎತ್ತರ, ತೂಕ, ಎದೆಯಳತೆ. ಆಡುವಾಗ ಇವುಗಳಲ್ಲೊಂದನ್ನು ಕೂಗಿದರೆ, ಯಾರ ಎಲೆಯಲ್ಲಿ ಅಂಕಿ ದೊಡ್ಡದೋ ಅವರು ಗೆದ್ದಂತೆ.

ಕಾರಟಗಿಯ ಅಕ್ಕಿ ಗಿರಣಿಯೊಂದರಲ್ಲಿ ಅವನಿಗೆ ಭತ್ತದ ತೇವ ನೋಡುವ ಕೆಲಸ. ಲಾರಿ ಬಂದು ನಿಂತೊಡನೆ ಚೀಲಕ್ಕೆ ಮೊನಚು ಕೊಳವೆ ಚುಚ್ಚಿ ಹಿಡಿಯಷ್ಟು ಕಾಳು ತೆಗೆದು, ಯಂತ್ರಕ್ಕೆ ಹಾಕುವ ಮೊದಲೇ ಒಂದು ಕಾಳನ್ನು ಹಲ್ಲಿನಡಿ ಕಡಿದು “ಹದಿನೇಳು” ಎಂದನೆಂದರೆ, ಯಂತ್ರವೂ ಹದಿನೇಳರ ಆಸುಪಾಸಿನಲ್ಲೇ ನಿಲ್ಲುತ್ತದೆ. ಮನೆಗೆ ಬಂದವನು ತೌಡಿನ ಧೂಳು ಹಿಡಿದ ಅಂಗಿಯನ್ನು ಅಂಗಳದಲ್ಲೇ ಕಳಚಿ ಝಾಡಿಸಿ ಒಳಗೆ ಬರುತ್ತಾನೆ. ಜೇಬಿನಲ್ಲಿ ಪೆನ್ನು ಇಡುವುದಿಲ್ಲ, ಸೋರೀತೆಂದು. ಕಾರ್ಡನ್ನು ಅಂಚಿನಲ್ಲಿ ಎರಡೇ ಬೆರಳುಗಳಿಂದ ಹಿಡಿಯುತ್ತಾನೆ. ಬಿಸಿಲು ಬೀಳುವ ಕಿಟಕಿಯ ಬಳಿ ಬಿಚ್ಚುವುದಿಲ್ಲ. ರಬ್ಬರ್ ಬ್ಯಾಂಡ್ ಕಂಡರೆ ಹಾವು ಕಂಡವನಂತೆ ಸರಿಯುತ್ತಾನೆ. ಅವನ ಮೈದುನ ಹಂಪಣ್ಣ ಒಮ್ಮೆ ಮಿರ್ಚಿ ತಿಂದ ಕೈಯಲ್ಲೇ ಒಂದನ್ನೆತ್ತಿಕೊಂಡು, “ಲ್ಯಾಮಿನೇಶನ್ ಮಾಡಿಸಿಬಿಡ್ರಿ ಮಾವ, ಚಿಂತಿನ ಇಲ್ಲ” ಎಂದಿದ್ದ. ತಿರುಮಲೇಶ ಆ ಕಾರ್ಡನ್ನು ಮೆಲ್ಲಗೆ ಬಿಡಿಸಿಕೊಂಡು ಹೇಳಿದ್ದು ಇಷ್ಟೇ: “ಬಿಸಿ ಪ್ಲಾಸ್ಟಿಕ್ ಒಮ್ಮೆ ಹಿಡೀತಂದ್ರ ಮತ್ತ ಬಿಡಂಗಿಲ್ಲೋ ಅದು.”

ಈ ಮಡಿಯ ಮೂಲ ಬಾಬಾಸಾಬ. ಇಬ್ಬರೂ ಏಳನೆಯ ಇಯತ್ತೆಯವರೆಗೆ ಒಂದೇ ಬೆಂಚಿನವರು. ಬಾಬಾಸಾಬನ ಮನೆಯವರು ಗಂಗಾವತಿಗೆ ಗುಳೆ ಹೊರಟ ದಿನ ಅವನು ತನ್ನ ಮೂವತ್ತೆರಡು ಕಾರ್ಡುಗಳನ್ನು ಗೆಳೆಯನ ಕೈಗಿಟ್ಟು, “ಅಲ್ಲಿ ತಗಡಿನ ಮನಿ, ಸೋರ್ತೈತಂತ. ನಿನ್ನ ಕಡೆ ಇರ್ಲಿ” ಎಂದಿದ್ದ. ಆಮೇಲೆ ಅವನು ಟ್ರ್ಯಾಕ್ಟರ್ ಮೆಕ್ಯಾನಿಕ್ಕಾದ, ಮದುವೆ ಮುಂಜಿಗಳಲ್ಲಿ ಸಿಕ್ಕ, ನಕ್ಕ. ಕಾರ್ಡುಗಳ ಮಾತೆತ್ತಲೇ ಇಲ್ಲ. ತಿರುಮಲೇಶ ಮಾತ್ರ ತನ್ನ ಬಳಿಯೂ ಇದ್ದ ಅಂಥವೇ ಕಾರ್ಡುಗಳನ್ನು ಬರೀ ಕಾಗದದ ಲಕೋಟೆಯಲ್ಲಿಟ್ಟು ಮರದ ಪೆಟ್ಟಿಗೆಗೆ ಹಾಕಿ, ಗೆಳೆಯನವಕ್ಕೆ ಒಂದೊಂದಕ್ಕೂ ಪ್ಲಾಸ್ಟಿಕ್ ಕವರು ತೊಡಿಸಿದ. ಹೋದ ಶ್ರಾವಣದಲ್ಲಂತೂ ಗಾಳಿಯೇ ಆಡದಂಥ ಹೊಸ ಡಬ್ಬಿ ತಂದು, ಅವನ್ನು ಅದರಲ್ಲಿ ಜೋಡಿಸಿ, ಮುಚ್ಚಳದ ಸುತ್ತ ಟೇಪು ಸುತ್ತಿಟ್ಟ.

ಮಾಘದಲ್ಲಿ ಬಾಬಾಸಾಬನ ಫೋನು ಬಂತು. “ಮೊಬೈಲಿನಾಗ ಯಾರೋ ಕುಸ್ತಿ ಕಾರ್ಡ್ ತೋರಿಸಾಕತ್ತಿದ್ರಲೇ. ನಮ್ಮವು ನೆಪ್ಪಾದ್ವು. ಐತವಾರ ಬರ್ತೀನಿ.”

ಶನಿವಾರ ಸಂಜೆ ತಿರುಮಲೇಶ ಟೇಪು ಬಿಚ್ಚಿದ. ಮುಚ್ಚಳ ಏಳುತ್ತಲೇ ಮುಗ್ಗಲು ವಾಸನೆ ಮೂಗಿಗೆ ಅಡರಿತು. ಹನ್ನೊಂದು ಕಾರ್ಡುಗಳು ಕವರಿಗೆ ಕಚ್ಚಿಕೊಂಡಿದ್ದವು. ಒಂದನ್ನು ಎಳೆದರೆ ಕುಸ್ತಿಪಟುವಿನ ಅರ್ಧ ಮುಖ ಪ್ಲಾಸ್ಟಿಕ್ಕಿನ ಜೊತೆಗೇ ಎದ್ದು ಬಂತು. ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಜಿಟಿಜಿಟಿ ಮಳೆಯ ದಿನ ಡಬ್ಬಿ ಮುಚ್ಚಿದವನು, ಆ ದಿನದ ತೇವವನ್ನೂ ಒಳಗೇ ಕೂಡಿಹಾಕಿದ್ದ. ಹಸಿ ಭತ್ತವೆಂದು ಲಾರಿಗಟ್ಟಲೆ ಮಾಲನ್ನು ತಿರುಗಿಸಿ ಕಳಿಸಿದ ಮನುಷ್ಯ, ತೆರೆದ ಡಬ್ಬಿಯ ಮುಂದೆ ಗೋಡೆಗೊರಗಿ ಕೂತುಬಿಟ್ಟ. ಮರದ ಪೆಟ್ಟಿಗೆಯಲ್ಲಿದ್ದ ಅವನ ಕಾರ್ಡುಗಳು ಒಂದೂ ಕೆಟ್ಟಿರಲಿಲ್ಲ.

ಸುಮಂಗಲಾ ಬಂದು ನೋಡಿದಳು. “ಅವೇ ಚಿತ್ರ ನಿಮ್ಮ ಹತ್ರನೂ ಅದಾವಲ್ರಿ? ಅವನ್ನ ಇಡ್ರಿ. ಅಣ್ಣಾರಿಗೆ ಏನ್ ಗೊತ್ತಾಗ್ತೈತಿ?”

ಅವನು ಹಾಗೆಯೇ ಮಾಡಿದ. ಹನ್ನೊಂದನ್ನೂ ಬದಲಿಸಿ ಡಬ್ಬಿ ಮುಚ್ಚಿ ಊಟಕ್ಕೆ ಕೂತ. ಎರಡನೆಯ ರೊಟ್ಟಿ ಮುರಿಯದೆ ಎದ್ದು, ಕೈ ತೊಳೆದು, ತನ್ನ ಕಾರ್ಡುಗಳನ್ನು ಹೊರತೆಗೆದು ಕೆಟ್ಟವನ್ನೇ ಮರಳಿ ಅಲ್ಲಿಟ್ಟ. “ಅಂವ ತನ್ನವು ನೋಡಾಕ ಬರಾಕತ್ಯಾನ ಸುಮಂಗಲಾ,” ಎಂದ. “ನನ್ನವು ತೋರಿಸಿದ್ರ ಹೆಂಗಾತು?”

ಐತವಾರ ಬಂದು ಕೂತ ಬಾಬಾಸಾಬನಿಗೆ ಚಹಾ ಬರುವ ಮೊದಲೇ ತಿರುಮಲೇಶ ಚಾಪೆಯ ಮೇಲೆ ಹನ್ನೊಂದನ್ನೂ ಹರಡಿದ. “ಬಾಬ್ಯಾ, ಇವು ಹಾಳಾಗ್ಯಾವು. ಮಳ್ಯಾಗ ಡಬ್ಬಿ ಮುಚ್ಚಿದೆ. ತಪ್ಪು ನಂದು. ಇದ್ರಾಗ ಬೇಕಾದ್ದು ತಗೋ” ಎಂದು ಮರದ ಪೆಟ್ಟಿಗೆಯನ್ನು ಅವನತ್ತ ನೂಕಿದ.

ಬಾಬಾಸಾಬ ಪೆಟ್ಟಿಗೆಯತ್ತ ನೋಡಲಿಲ್ಲ. ಮುಖ ಕಿತ್ತುಹೋದ ಕಾರ್ಡನ್ನೆತ್ತಿ ಹಿಂದುಮುಂದು ಮಾಡಿ ನೋಡಿದ. “ಇದು ಅಪ್ಪ ತಂದುಕೊಟ್ಟಿದ್ದು,” ಎಂದ. “ಇದೊಂದ ತಂದಿದ್ದ ಅಂವ.” ಸುಮಂಗಲಾ ತಂದ ಚಹಾದ ಕಪ್ಪುಗಳು ಅಲ್ಲೇ ಆರಿದವು. ಆಮೇಲೆ ಬಾಬಾಸಾಬ ಉಸಿರು ಬಿಟ್ಟು, “ನಮ್ಮ ಮನ್ಯಾಗ ಇದ್ದಿದ್ರ ಮೊದಲನೇ ಮಳಿಗೇ ಎಲ್ಲಾ ಹೋಗ್ತಿದ್ವಲೇ. ಇಪ್ಪತ್ತೊಂದು ಉಳಿಸೀಯಲ್ಲ” ಎಂದು, ಉಳಿದವನ್ನು ಕಲೆಸಿ ಹಂಚತೊಡಗಿದ. ಅವನ ಉಗುರುಗಳ ಸುತ್ತ ಗ್ರೀಸಿನ ಕಪ್ಪಿತ್ತು. ತಿರುಮಲೇಶ ಆ ಬೆರಳುಗಳನ್ನು ನೋಡಿದ. ತನ್ನ ಪಾಲಿನ ಎಲೆಗಳನ್ನು ಎತ್ತಿಕೊಂಡ. “ತೂಕ!” ಎಂದು ಬಾಬಾಸಾಬ ಕೂಗಿದ್ದು ಬೀದಿಗೆ ಕೇಳಿಸಿತಂತೆ.

ಹೊರಡುವಾಗ ಅವನು ತಂದೆ ಕೊಟ್ಟ ಆ ಒಂದನ್ನು ಮಾತ್ರ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ. “ಉಳಿದಾವು ನಿನ್ನ ಕಡೀನ ಇರ್ಲಿ.” ಸುಮಂಗಲಾಳತ್ತ ತಿರುಗಿ, “ವೈನಿ, ಬರ್ತೀನ್ರಿ” ಎಂದ.

ಇನ್ನೊಬ್ಬರದನ್ನು ಜೋಪಾನ ಮಾಡುವ ಇಂಥವರು ಊರಿಗೆ ಒಬ್ಬಿಬ್ಬರು ಇದ್ದೇ ಇರುತ್ತಾರೆ. ತಮ್ಮದಕ್ಕೆ ಸಾಕೆನಿಸಿದ ಕಾಳಜಿ ಇನ್ನೊಬ್ಬರದಕ್ಕೆ ಸಾಲದೆಂದು ಅವರಿಗೆ ಅನ್ನಿಸುತ್ತದೆ. ಆ ಅತಿಯಿಂದಲೇ ಒಮ್ಮೊಮ್ಮೆ ಅವರ ಕೈಯಲ್ಲೂ ವಸ್ತು ಕೆಡುತ್ತದೆ. ಆದರೆ ಕೆಟ್ಟದ್ದನ್ನು ಅಡಗಿಸದೆ ಒಡೆಯನ ಮುಂದೆ ಹರಡಿ, ತಲೆ ತಗ್ಗಿಸಿ ಕೂರುವ ಎದೆಗಾರಿಕೆಯೂ ಅವರಿಗೇ ಇರುವುದು. ಅಂಥವರ ಮನೆಯಲ್ಲಿ ನಾವು ಏನನ್ನು ಬೇಕಾದರೂ ಇಟ್ಟು ಬರಬಹುದು. ಇಟ್ಟೆವೆಂಬುದನ್ನೇ ಮರೆತು ಮೂವತ್ತು ವರ್ಷ ನಿಶ್ಚಿಂತೆಯಾಗಿ ಬದುಕಬಹುದು.