ಮೈದಾನ ಬಿಟ್ಟುಕೊಟ್ಟ ಬೇಸಿಗೆ

ಹದ್ದಿನ ಹೆಸರಿಟ್ಟುಕೊಂಡ, ಜಪಾನಿನ ಹಿನೊಸೆ ಊರಿನ ತೊಂಬಿ ಬೇಸ್‌ಬಾಲ್ ತಂಡ ಹನ್ನೊಂದು ವರ್ಷಗಳಲ್ಲಿ ಮೊದಲ ಸಲ ಲೀಗ್ ಪಟ್ಟಿಯ ತುದಿಗೇರಿತ್ತು. ಅದೇ ಜುಲೈ ತಿಂಗಳ ಒಂದು ರಾತ್ರಿ ಕಾಜಿ ಹೊಳೆ ದಂಡೆ ಒಡೆದುಕೊಂಡು ಊರಿಗೆ ನುಗ್ಗಿತು. ಬೆಳಗಾಗುವಷ್ಟರಲ್ಲಿ ಕೆಳಪೇಟೆಯ ನಾನೂರು ಮನೆಗಳಲ್ಲಿ ಎದೆಮಟ್ಟದ ನೀರು ನಿಂತಿತ್ತು. ಎರಡನೆಯ ದಿನ ನೀರು ಇಳಿಯಿತು, ಮೊಣಕಾಲುದ್ದದ ಕೆಸರು ಉಳಿಯಿತು. ಯಾರ ಜೀವವೂ ಹೋಗಲಿಲ್ಲ ಎಂಬುದೊಂದೇ ಸಮಾಧಾನ.

ಬೇಸ್‌ಬಾಲ್ ಮೈದಾನ ಇದ್ದದ್ದು ಗುಡ್ಡದ ಬುಡದಲ್ಲಿ, ತುಸು ಎತ್ತರದಲ್ಲಿ. ನೀರು ಗೇಟಿನವರೆಗೆ ಬಂದು ಹಿಂದಿರುಗಿತ್ತು. ಮೈದಾನ ನೋಡಿಕೊಳ್ಳುವ ಮುನಕಾತಾ ಯಾಸುಜಿ ಹುಲ್ಲಿನ ಮೇಲೆ ಬರಿಗಾಲಲ್ಲಿ ಒಂದು ಸುತ್ತು ಬಂದು, ಎಲ್ಲೂ ಕೆಸರು ತಾಗದ್ದನ್ನು ನೋಡಿ ನಿಟ್ಟುಸಿರು ಬಿಟ್ಟ. ಆ ಹುಲ್ಲನ್ನು ಅವನು ಇಪ್ಪತ್ತಾರು ವರ್ಷ ಸಾಕಿದ್ದ. ತಂಡ ಹುಟ್ಟುವ ಮೊದಲು, ಅಲ್ಲಿ ಶಾಲಾ ಪಂದ್ಯಗಳಷ್ಟೇ ನಡೆಯುತ್ತಿದ್ದ ಕಾಲದಿಂದಲೂ ಅವನೇ ಅದರ ತಾಯಿ, ಅವನೇ ಅದರ ವೈದ್ಯ. ಹುಲ್ಲಿಲ್ಲದ ಒಳಮೈದಾನದ ಕಪ್ಪು ಮಣ್ಣನ್ನಂತೂ ಬೆರಳಲ್ಲಿ ಹಿಸುಕಿ ನೋಡಿ, ಇವತ್ತು ನೀರು ಎಷ್ಟು ಬೇಕು ಎಂದು ಹೇಳುವವನು.

ಮೂರನೆಯ ದಿನ ಬೆಳಿಗ್ಗೆ ಪುರಸಭೆಯ ಇಬುಕಿ ಬಂದ. ಅಂಗಿಯೆಲ್ಲ ಕೆಸರು, ಕಣ್ಣು ಕೆಂಪು. ಪ್ರೇಕ್ಷಕರ ಮೆಟ್ಟಿಲುಗಳ ಕೆಳಗಿದ್ದ ಕಚೇರಿಯಲ್ಲಿ ತಂಡದ ಒಡತಿ ಕವಾನಿಶಿ ತೊಕಿಯೆ, ತರಬೇತುದಾರ ದೋಯಿ ಮತ್ತು ಯಾಸುಜಿ ಕೂತಿದ್ದರು. ತೊಕಿಯೆಗೆ ಅರವತ್ತೆಂಟು. ಅಜ್ಜನ ಕಾಲದಿಂದ ನಡೆದುಬಂದ, ಮೀನು ಅರೆದು ಬೇಯಿಸಿ ಕಾಮಬೊಕೊ ಎಂಬ ಕಡುಬು ಮಾಡುವ ಕಾರ್ಖಾನೆ ಅವಳದು. ಏಳು ವರ್ಷದ ಹಿಂದೆ ಹಳೆಯ ಮಾಲೀಕರು ತಂಡವನ್ನು ಮುಚ್ಚಿ ಹೊರಟಾಗ, ಬಂದರಿನ ಗೋದಾಮು ಮಾರಿ ತಂಡವನ್ನೂ ಮೈದಾನವನ್ನೂ ಕೊಂಡುಕೊಂಡವಳು. ಆಗ ಊರು ಅವಳಿಗೆ ತಲೆಕೆಟ್ಟಿದೆ ಎಂದಿತ್ತು. ಈಗ ಎಲ್ಲರ ಬಾಯಲ್ಲೂ ಅವಳು ಯಜಮಾನಮ್ಮ. ಆಟಗಾರರು ಬೇಸಿಗೆಯಲ್ಲಿ ಚೆಂಡು ಎಸೆಯುತ್ತಿದ್ದರು, ಚಳಿಗಾಲದಲ್ಲಿ ಅವಳ ಕಾರ್ಖಾನೆಯಲ್ಲಿ ಮೀನಿನ ಮುಳ್ಳು ತೆಗೆಯುತ್ತಿದ್ದರು.

ಇಬುಕಿ ಕೂರಲಿಲ್ಲ. ನಿಂತಲ್ಲೇ ಸೊಂಟ ಬಾಗಿಸಿ ಹೇಳಿದ: "ಯಜಮಾನಮ್ಮ, ಕೇಳೋಕೆ ಬಾಯಿ ಬರ್ತಿಲ್ಲ. ಮನೆಮನೆಯಿಂದ ಹಾಳಾದ ಸಾಮಾನು ರಸ್ತೆಗೆ ಬೀಳ್ತಿದೆ. ಆಂಬ್ಯುಲೆನ್ಸೂ ಹೋಗೋಕಾಗ್ತಿಲ್ಲ. ತಂದು ಹಾಕೋಕೆ ಒಂದು ದೊಡ್ಡ ಜಾಗ ಬೇಕು."

"ಶಾಲೆ ಮೈದಾನ?"

"ಅಲ್ಲಿ ಜನ ಮಲಗಿದಾರೆ. ಬಂದರು ಕಟ್ಟೆ ಕುಸಿದಿದೆ."

"ಎಷ್ಟು ದಿನಕ್ಕೆ?"

ಇಬುಕಿ ತಲೆಯೆತ್ತಲಿಲ್ಲ. "ಸುಳ್ಳು ಹೇಳಲ್ಲ. ಚಳಿಗಾಲ ದಾಟಬಹುದು."

ತೊಕಿಯೆ ಯಾಸುಜಿಯ ಕಡೆ ತಿರುಗಿದಳು. "ಯಾಸುಜಿ-ಸಾನ್, ನೀವು ಹೇಳಿ."

"ಹೇಳೋದೇನಿದೆ? ಮೊದಲನೇ ಲಾರಿ ಚಕ್ರ ಇಳಿದ ದಿನವೇ ಹುಲ್ಲು ಸತ್ತ ಹಾಗೆ. ಮಣ್ಣಿಗೆ ಗಾಜು, ಮೊಳೆ, ಎಣ್ಣೆ ಇಳಿಯುತ್ತೆ. ಆಮೇಲೆ ಅದು ಮೈದಾನವಲ್ಲ, ತಿಪ್ಪೆ." ಅವನ ದನಿ ಏರಿತು. "ಅಲ್ಲಾ, ಹುಡುಗರು ಮೊದಲ ಸ್ಥಾನದಲ್ಲಿದಾರೆ. ಇಂಥ ವರ್ಷ ಮತ್ತೆ ಬರುತ್ತಾ?"

ಅವಳು ಅವನ ಮಾತನ್ನು ಪೂರ್ತಿ ಕೇಳಿಸಿಕೊಂಡಳು. ಕಿಟಕಿಯಾಚೆ ಹುಲ್ಲು ಬಿಸಿಲಿಗೆ ಹೊಳೆಯುತ್ತಿತ್ತು. ಕೊನೆಗೆ ಇಬುಕಿಗೆ ಹೇಳಿದಳು: "ನಾಳೆ ಬೆಳಿಗ್ಗೆ ಆರು ಗಂಟೆಗೆ ಗೇಟು ತೆಗೀತೀವಿ."

ದೋಯಿ ಗಂಟಲು ಸರಿಮಾಡಿಕೊಂಡ. "ಇಲ್ಲೇ ಆಡಬೇಕಾದ ಪಂದ್ಯ ಇನ್ನೂ ಹದಿನಾಲ್ಕಿವೆ, ಯಜಮಾನಮ್ಮ."

"ಬೇರೆ ಊರಿನವರ ಕೈಕಾಲು ಹಿಡಿದು ಅವರ ಮೈದಾನ ಕೇಳ್ತೀನಿ. ಬಸ್ಸಲ್ಲಿ ಬುತ್ತಿ ತಿನ್ಕೊಂಡು ಹೋಗಿ ಆಡಿ. ಸೋತರೂ ಪರವಾಗಿಲ್ಲ ಅಂತ ಮಾತ್ರ ನನ್ನ ಬಾಯಲ್ಲಿ ಬರಲ್ಲ. ಗೆಲ್ಲೋಕೇ ಆಡಿ. ಪಂದ್ಯ ಇಲ್ಲದ ದಿನ ಎಲ್ಲರೂ ಸಲಿಕೆ ಹಿಡ್ಕೊಂಡು ಕೆಳಪೇಟೆಗೆ."

ಯಾಸುಜಿ ಎದ್ದ. "ಹಾಗಾದ್ರೆ ನೀವೇ ನೋಡ್ಕೊಳ್ಳಿ. ನನ್ನ ಕೈಯಾರೆ ಅದನ್ನ ಸಾಯಿಸೋಕೆ ನನ್ನಿಂದಾಗಲ್ಲ." ಟೋಪಿ ತಲೆಗೇರಿಸಿ ಹೊರಗೆ ನಡೆದ. ಯಾರೂ ತಡೆಯಲಿಲ್ಲ.

ಅವನ ಮನೆ ಗುಡ್ಡದ ಮೇಲಿತ್ತು. ಅಲ್ಲಿಗೆ ನೀರು ಬಂದಿರಲಿಲ್ಲ, ಆದರೆ ನಲ್ಲಿ ನಿಂತಿತ್ತು. ಐದು ದಿನ ಅವನು ಹಿತ್ತಲಲ್ಲಿ ಕತ್ತರಿ ಮಸೆಯುತ್ತ, ಮಸೆದದ್ದನ್ನೇ ಮಸೆಯುತ್ತ ಕಳೆದ. ಹೆಂಡತಿ ಹರುಯೆ ಮಾತ್ರ ದಿನಾ ಬೆಳಿಗ್ಗೆ ಕೆಳಪೇಟೆಯ ಅಕ್ಕನ ಮನೆಗೆ ಹೋಗಿ ಸಂಜೆ ಕೆಸರಿನ ಮುದ್ದೆಯಾಗಿ ಬರುತ್ತಿದ್ದಳು. ಅವಳು ಅವನನ್ನು ಬೈಯಲಿಲ್ಲ. ಅದು ಬೈದದ್ದಕ್ಕಿಂತ ಕಷ್ಟವಾಗಿತ್ತು.

ಐದನೆಯ ಸಂಜೆ ಮಳೆನೀರಿನ ಬಕೆಟ್ಟಲ್ಲಿ ಬೂಟು ತೊಳೆಯುತ್ತ ತಾನಾಗಿಯೇ ಹೇಳಿದಳು: "ಅಕ್ಕನ ಮನೆ ಚಾಪೆಗಳೆಲ್ಲ ಇವತ್ತು ಹೋದ್ವು. ನೆನೆದ ತತಾಮಿ ಎಷ್ಟು ಭಾರ ಅಂತೀರಿ! ನಾಲ್ಕು ಜನ ಹುಡುಗರು ಬಂದು ಹೊತ್ಕೊಂಡು ಹೋದ್ರು. ಅಕ್ಕ ಅವರನ್ನ ಕೂಲಿಯವರು ಅಂದ್ಕೊಂಡು ಚಹಾಕ್ಕೆ ಕಾಸು ಕೊಡೋಕೆ ಹೋದಳು. ನೋಡಿದ್ರೆ ಅದರಲ್ಲೊಬ್ಬ ನಿಮ್ಮ ತಂಡದ ಚೆಂಡೆಸೆಯೋ ಪಿಚರ್ ಸಕಾಮೊತೊ!"

"ತಂಡದ ಅಂಗಿ ಹಾಕಿರಲಿಲ್ವಾ?"

"ಯಜಮಾನಮ್ಮ ಹಾಕೋಕೆ ಬಿಟ್ಟಿಲ್ವಂತೆ. ಪೇಪರಿನವರು ಫೋಟೋಕ್ಕೆ ಬಂದಾಗ ಯಾರೋ ಹೇಳಿದ್ರಂತೆ, ತಂಡದ ಅಂಗಿ ಹಾಕ್ಸಿ ನಿಲ್ಲಿಸಿ, ಹೆಸರು ಬರುತ್ತೆ ಅಂತ. ಮನೆ ಕಳ್ಕೊಂಡವರ ಬಾಗಿಲಲ್ಲಿ ನಮ್ಮ ಹೆಸರು ಬರ್ಕೊಂಡು ನಿಲ್ಲೋದಾ ಅಂತ ಆಕೆ ಅಟ್ಟಿಬಿಟ್ಟಳಂತೆ."

ಯಾಸುಜಿ ಕತ್ತರಿಯನ್ನು ಮತ್ತೆ ಕಲ್ಲಿಗೆ ಹಚ್ಚಿದ.

"ಆಕೆ ಕತ್ತಿಗೆ ಟವೆಲ್ ಸುತ್ಕೊಂಡು ಮೈದಾನದ ಗೇಟಲ್ಲೇ ನಿಂತಿರ್ತಾಳೆ. ಬಂದ ಬಂದ ಗಾಡಿ ನಿಲ್ಲಿಸಿ ಒಂದೇ ಮಾತು ಕೇಳೋದು, ಡ್ರಾಯರ್ ಎಲ್ಲ ತೆಗೆದು ನೋಡಿದ್ರಾ ಅಂತ. ಬೀಸಣಿಗೆ ಅಂಗಡಿ ಮುದುಕನ ಬೀರುವಿನ ಡ್ರಾಯರ್ ನೆನೆದು ಸಿಕ್ಕಾಕ್ಕೊಂಡಿತ್ತು. ಇಬ್ಬರು ಹುಡುಗರನ್ನ ಕರೆದು ಒಡೆಸಿದಳು. ಒಳಗೆ ಸತ್ತ ಹೆಂಡತಿ ಕನ್ನಡಕ ಸಿಕ್ತು. ಮುದುಕ ಅಲ್ಲೇ ಕೂತ್ಕೊಂಡು ಅತ್ತುಬಿಟ್ಟ." ಹರುಯೆ ಬೂಟನ್ನು ಕವುಚಿಟ್ಟಳು. "ನಿಮ್ಮ ಕತ್ತರಿ ಸಾಕಷ್ಟು ಹರಿತ ಆಯ್ತಾ, ಇಲ್ಲಾ ನಾಳೆನೂ ಮಸೀತೀರಾ?"

ಮರುದಿನ ಐದೂವರೆಗೆ ಯಾಸುಜಿ ಗುಡ್ಡ ಇಳಿದ. ಹೊರಮೈದಾನದ ಹುಲ್ಲಿನ ಮೇಲೆ ಚಕ್ರದ ಗುರುತುಗಳು ಅಡ್ಡಾದಿಡ್ಡಿ ಹರಿದಿದ್ದವು. ಎಡಗಡೆ ಫ್ರಿಜ್ಜುಗಳು, ನಡುವೆ ಮಂಚ, ಸೈಕಲ್ಲು, ಅಕ್ಕಿಯ ಡಬ್ಬ, ಮಕ್ಕಳ ಪಿಯಾನೋ. ಹುಳಿ ಹಿಡಿದ ಕೆಸರಿನ ವಾಸನೆ. ನೋಡಲಾರೆ ಎಂದು ಮುಖ ತಿರುಗಿಸಿದವನ ಕಣ್ಣಿಗೆ ಬಲಮೂಲೆಯಲ್ಲಿದ್ದ, ಒತ್ತಿದ ಹುಲ್ಲಿನ ತತಾಮಿ ಚಾಪೆಗಳ ರಾಶಿ ಬಿತ್ತು. ಎರಡಾಳೆತ್ತರ ಪೇರಿಸಿದ್ದರು. ಅದರ ತಲೆಯಿಂದ ತೆಳುವಾಗಿ ಆವಿ ಏಳುತ್ತಿತ್ತು.

ಅವನು ಓಡಿದ. ರಾಶಿಯ ಸಂದಿಯಲ್ಲಿ ಮೊಣಕೈವರೆಗೆ ಕೈ ತುರುಕಿ, ಚುರುಕ್ಕೆಂದು ಹೊರಗೆಳೆದ.

"ಯಾರ‍್ರೀ ಇದನ್ನ ಹೀಗೆ ಪೇರಿಸಿದ್ದು? ಒಳಗೆ ಬೆಂದು ಹೋಗ್ತಿದೆ! ಒದ್ದೆ ಹುಲ್ಲು ಒತ್ತಿಟ್ರೆ ಕುದಿಯುತ್ತೆ, ಹೀಗೇ ಬಿಟ್ರೆ ಬೆಂಕಿ ಹತ್ತುತ್ತೆ. ಮೇಲೆ ಊರಿದೆ, ಕಾಡಿದೆ!"

ಗೇಟಿನ ಕಡೆಯಿಂದ ತೊಕಿಯೆ ಬಂದಳು. ಬಿಸಿಲಿಗೆ ಮುಖ ಸುಟ್ಟು, ಮೂಗಿನ ಸಿಪ್ಪೆ ಎದ್ದಿತ್ತು. ಇಷ್ಟು ದಿನ ಎಲ್ಲಿದ್ದಿರಿ ಎಂದು ಅವಳು ಕೇಳಲಿಲ್ಲ.

"ನಮಗಿದು ಗೊತ್ತಿರಲಿಲ್ಲ. ಹೇಗೆ ಹಾಕ್ಬೇಕು ಹೇಳಿ, ಹಾಗೇ ಮಾಡ್ತೀವಿ."

"ಎದೆಮಟ್ಟಕ್ಕಿಂತ ಎತ್ತರ ಬೇಡ. ನಡುವೆ ಗಾಳಿ ಆಡೋಕೆ ದಾರಿ ಬಿಡಿ. ಲಾರಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗ್ಲಿ, ಹೀಗೆ ಕುರಿಮಂದೆ ಥರ ಅಲ್ಲ." ಮಾತಾಡುತ್ತಲೇ ಅವನು ಸುಣ್ಣದ ಗಾಡಿ ತಂದ. ಬ್ಯಾಟಿಂಗ್ ಗೆರೆ ಎಳೆಯುವ ಅದೇ ಗಾಡಿಯಲ್ಲಿ ಹುಲ್ಲಿನ ಮೇಲೆ ಲಾರಿ ದಾರಿಯ ಗೆರೆ ಎಳೆದ.

ತೊಕಿಯೆ ಇಬುಕಿಯನ್ನು ಕರೆದು ಎಲ್ಲರಿಗೂ ಕೇಳುವಂತೆ ಹೇಳಿದಳು: "ಇವತ್ತಿಂದ ಒಳಗಡೆ ಯಾಸುಜಿ-ಸಾನ್ ಹೇಳಿದ್ದೇ ಮಾತು. ನಾನು ಹೇಳಿದ್ರೂ ಅವರನ್ನ ಕೇಳಿ ಮಾಡಿ."

ಅಂದು ಮಧ್ಯಾಹ್ನ ಯಾಸುಜಿ ಒಳಮೈದಾನದ ಸುತ್ತ ಗೂಟ ಹೊಡೆದು ಹಗ್ಗ ಕಟ್ಟಿದ. ಕಪ್ಪು ಮಣ್ಣಿಗೆ ಮಾತ್ರ ಯಾರೂ ಕಾಲಿಡಬಾರದು. ಅವನ ಕೇಳಿಕೆ ಅದೊಂದೇ. ತೊಕಿಯೆ ಒಪ್ಪಿದಳು. "ಆದಷ್ಟು ದಿನ," ಎಂದಳು.

ಆ ದಿನಗಳು ಹನ್ನೆರಡಾದವು. ತೊಂಬಿ ತಂಡ ಬಸ್ಸಿನಲ್ಲಿ ಊರೂರು ಅಲೆದು, ಹೆಗಲು ನೋವಿನಲ್ಲೇ ಆಡಿ, ಮೂರು ಗೆದ್ದು ಐದು ಸೋತಿತು. ಹೊರಮೈದಾನ ತುಂಬಿತು. ಬೇರೆ ಜಿಲ್ಲೆಗೆ ಸಾಗಿಸುವ ಲಾರಿಗಳು ಬರಬೇಕಿತ್ತು. ಅತ್ತ ರಸ್ತೆ ಕುಸಿದು ಅವು ತಡವಾದವು. ಹದಿಮೂರನೆಯ ಬೆಳಿಗ್ಗೆ ಇಳಿಸಲು ಜಾಗವಿಲ್ಲದೆ ಗಾಡಿಗಳು ನಿಂತುಬಿಟ್ಟವು.

ತೊಕಿಯೆ ಬಂದು ಯಾಸುಜಿಯ ಪಕ್ಕ ನಿಂತಳು. ಇಬುಕಿ ಏನೋ ಹೇಳಲು ಬಾಯಿ ತೆರೆದಾಗ ಕೈಸನ್ನೆಯಲ್ಲೇ ಸುಮ್ಮನಿರಿಸಿದಳು. ಬೇಕೆಂದಿದ್ದರೆ ಒಂದು ಮಾತು ಸಾಕಿತ್ತು. ಮೈದಾನ ಅವಳದು. ಅವಳು ಆ ಮಾತಾಡಲಿಲ್ಲ.

ಕೊನೆಗೆ ಯಾಸುಜಿಯೇ ಕೇಳಿದ. "ಸಾಲು ಎಲ್ಲೀ ತನಕ ಇದೆ?"

"ಸೇತುವೆ ದಾಟಿದೆ."

ಮೊದಲ ಗಾಡಿ ಗೇಟಿನೊಳಗೇ ಇತ್ತು. ಪುಟ್ಟ ಟ್ರಕ್ಕಿನ ಹಿಂಬದಿಯಲ್ಲಿ ಒಬ್ಬ ಹೆಂಗಸು ಕೆಸರು ಮೆತ್ತಿದ ಹೊಲಿಗೆ ಯಂತ್ರವನ್ನು ಹಿಡಿದು ಕೂತಿದ್ದಳು. ಅವಳು ಗಡಿಬಿಡಿ ಮಾಡುತ್ತಿರಲಿಲ್ಲ, ಯಾರನ್ನೂ ದೂರುತ್ತಿರಲಿಲ್ಲ. ಬಿಸಿಲಲ್ಲಿ ಸುಮ್ಮನೆ ಕಾಯುತ್ತಿದ್ದಳು.

ಯಾಸುಜಿ ಹೋಗಿ ಹಗ್ಗದ ಗಂಟು ಬಿಚ್ಚತೊಡಗಿದ. ಇಬ್ಬನಿಗೆ ನೆನೆದು ಒಣಗಿ ಗಂಟು ಬಿಗಿಯಾಗಿತ್ತು. ತೊಕಿಯೆ ಆಚೆ ತುದಿಯಿಂದ ಬಿಚ್ಚುತ್ತ ಬಂದಳು. ಪಿಚರ್ ನಿಂತು ಚೆಂಡೆಸೆಯುವ ಮಣ್ಣಿನ ದಿಬ್ಬದ ಹತ್ತಿರ ಇಬ್ಬರೂ ಎದುರಾದರು.

"ಇದನ್ನಾದ್ರೂ ಉಳಿಸೋಣ್ವಾ?" ಎಂದಳು.

"ಇದಿದ್ರೆ ಲಾರಿ ತಿರುಗೋಕಾಗಲ್ಲ. ನಾನೇ ತೆಗೀತೀನಿ. ಬೇರೆಯವರು ಬೇಡ."

ಅವನು ಸಲಿಕೆಯಿಂದ ದಿಬ್ಬದ ಮಣ್ಣನ್ನು ಅಗೆದು ಚೀಲಗಳಿಗೆ ತುಂಬಿದ. ಹದಿನೇಳು ಚೀಲಗಳಾದವು. ಸಕಾಮೊತೊ ಕೇಳದೆಯೇ ಬಂದು ಒಂದೊಂದಾಗಿ ಹೊತ್ತು ಉಗ್ರಾಣದಲ್ಲಿಟ್ಟ. ನೆಲ ಸಮವಾದಾಗ ತೊಕಿಯೆ ಟವೆಲ್ ತೆಗೆದು, ಎರಡೂ ಕೈ ತೊಡೆಗೆ ಒತ್ತಿ, ಅವನ ಮುಂದೆ ಆಳವಾಗಿ ಬಾಗಿದಳು. ಅಷ್ಟು ಜನರೆದುರು ಯಜಮಾನಮ್ಮ ತಲೆ ಎತ್ತದೆ ನಿಂತದ್ದು ನೋಡಿ ಯಾಸುಜಿಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

"ತಲೆ ಎತ್ತಿ, ತಲೆ ಎತ್ತಿ. ಗಾಡಿಗಳು ಕಾಯ್ತಿವೆ," ಎಂದು ಗದರಿದ ಹಾಗೆ ಹೇಳಿ ದಾರಿ ತೋರಿಸಲು ಹೋದ.

ಆ ವರ್ಷ ತಂಡ ನಾಲ್ಕನೆಯ ಸ್ಥಾನಕ್ಕಿಳಿಯಿತು. ಸೆಪ್ಟೆಂಬರಿನ ಕೊನೆಯ ಪಂದ್ಯದ ನಂತರ ದೋಯಿ ಬಸ್ಸಿನ ಹಿಂದೆ ನಿಂತು ಅತ್ತನಂತೆ. ತೊಕಿಯೆ ಅವನನ್ನು ಸಂತೈಸಲಿಲ್ಲ, ಮುಂದಿನ ವರ್ಷದ ಕರಾರಿಗೆ ಸಹಿ ಹಾಕಿಸಿಕೊಂಡಳು.

ಫೆಬ್ರವರಿಯಲ್ಲಿ ಕೊನೆಯ ಲಾರಿ ಹೋಯಿತು. ಉಳಿದದ್ದು ಗಟ್ಟಿಯಾದ, ಬೂದಿ ಬಣ್ಣದ, ಎಣ್ಣೆ ಕಲೆಯ ಬಯಲು. ಯಂತ್ರ ತಂದು ಮೇಲಿನ ಪದರ ಕೆರೆದರು, ಹೊಸ ಮಣ್ಣು ತುಂಬಿಸಿದರು. ಆದರೂ ಒಳಮೈದಾನದಲ್ಲಿ ಚೂರು ಗಾಜು ಇಣುಕುತ್ತಲೇ ಇತ್ತು. ಆಟಗಾರರು ಓಡಿ ಬಂದು ಹೊಟ್ಟೆಯ ಮೇಲೆ ಜಾರುವ ಜಾಗ ಅದು. ಒಂದು ಭಾನುವಾರ ಬೆಳಿಗ್ಗೆ ಯಾಸುಜಿ ಒಬ್ಬನೇ ಜರಡಿ ಹಿಡಿದು ಕೂತಿದ್ದಾಗ ಹೊಲಿಗೆ ಯಂತ್ರದ ಆ ಹೆಂಗಸು ಬಂದಳು. ಹಿಂದೆ ಹರುಯೆ, ಅವಳ ಅಕ್ಕ, ಬೀಸಣಿಗೆ ಅಂಗಡಿಯ ಮುದುಕ, ಇನ್ನೂ ಮೂವತ್ತು ನಲವತ್ತು ಜನ. ಯಾರು ಕರೆದರೆಂದು ಕೇಳಿದರೆ ಎಲ್ಲರೂ ಪಕ್ಕದವರತ್ತ ಕೈ ತೋರಿಸಿದರು. ಸಾಲಾಗಿ ಕುಕ್ಕರುಗಾಲಲ್ಲಿ ಕೂತು, ಭತ್ತದ ಗದ್ದೆಯಲ್ಲಿ ನಾಟಿ ಹಾಕುವವರಂತೆ ಅಂಗುಲ ಅಂಗುಲ ಸರಿಯುತ್ತ ಗಾಜು ಹೆಕ್ಕಿದರು. ನಾಲ್ಕು ಭಾನುವಾರ ಹಾಗೆ ನಡೆಯಿತು.

ಏಪ್ರಿಲಿಗೆ ಮೈದಾನ ತೆರೆಯಬೇಕೆಂದು ಊರಿನವರಿಗೆಲ್ಲ ಆಸೆ. ಪುರಸಭೆ ಸಭೆಯಲ್ಲಿ ಹಾಗೇ ಮಾತಾಯಿತು. ತೊಕಿಯೆ ಎದ್ದು ನಿಂತು, "ಹುಲ್ಲು ಬೇರು ಬಿಡೋ ತನಕ ಆಗಲ್ಲ, ಜೂನ್ ಅಂತ ಯಾಸುಜಿ-ಸಾನ್ ಹೇಳಿದಾರೆ. ಜೂನ್ ಅಂದ್ರೆ ಜೂನ್," ಎಂದು ಕೂತಳು. ಮತ್ತೆ ಯಾರೂ ಚರ್ಚೆಗೆ ಹೋಗಲಿಲ್ಲ.

ಜೂನ್ ಎರಡನೆಯ ಶನಿವಾರ ಸಾವಿರದ ಇನ್ನೂರು ಜನ ಬಂದರು. ಇನ್ನೂ ತಾತ್ಕಾಲಿಕ ಮನೆಗಳಲ್ಲಿದ್ದವರೂ ಬಂದಿದ್ದರು. ಹುಲ್ಲು ಅಲ್ಲಲ್ಲಿ ತೆಳುವಾಗಿ, ಹೊಸದಾಗಿ ಕ್ಷೌರ ಮಾಡಿಸಿದ ತಲೆಯಂತೆ ಕಾಣುತ್ತಿತ್ತು. ಆರನೆಯ ಸರದಿಯಲ್ಲಿ ಎದುರಾಳಿ ಹೊಡೆದ ಸಾಧಾರಣ ಚೆಂಡೊಂದು ಎಡಗಡೆ ಉರುಳುತ್ತ ಹೋಗಿ, ಯಾವುದೋ ತಗ್ಗಿಗೆ ಬಡಿದು, ತಡೆಯಲು ಬಾಗಿದ ತೊಂಬಿ ಹುಡುಗನ ಭುಜದ ಮೇಲಿಂದ ಹಾರಿತು. ಎರಡು ರನ್ ಹೋದವು.

ಗೇಟಿನ ಪಕ್ಕ ನಿಂತಿದ್ದ ಯಾಸುಜಿ ಟೋಪಿಯನ್ನು ಕಣ್ಣಿಗೆ ಎಳೆದುಕೊಂಡ. ಮೆಟ್ಟಿಲ ಮೇಲಿಂದ ಯಾರೋ ಕೂಗಿದರು: "ಏ ಯಾಸುಜಿ, ಅಲ್ಲಿ ನನ್ನ ಫ್ರಿಜ್ ಇತ್ತು ಕಣೋ! ಇನ್ನೂ ಹೂತಿದೆಯಾ ನೋಡು!"

ಜನ ಗೊಳ್ಳೆಂದು ನಕ್ಕರು. ಸೋಲುತ್ತಿದ್ದ ತಂಡದ ಹುಡುಗರೂ ಕೈಗವಸಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಸಾಮಾನ್ಯ ಜನರ ಸಾಲಿನಲ್ಲಿ ಕೂತು ಉಡೋನ್ ಶಾವಿಗೆ ತಿನ್ನುತ್ತಿದ್ದ ತೊಕಿಯೆ ಬಟ್ಟಲು ಕೆಳಗಿಟ್ಟು ಕಣ್ಣೊರೆಸಿಕೊಂಡಳು. ಅದು ನಗುವಿನ ನೀರೋ ಬೇರೆಯದೋ, ಪಕ್ಕದಲ್ಲಿದ್ದ ಹರುಯೆಗೂ ಗೊತ್ತಾಗಲಿಲ್ಲ.

ತಗ್ಗು ಎಲ್ಲಿದೆ ಎಂದು ಯಾಸುಜಿ ಗುರುತು ಹಾಕಿಕೊಂಡ. ಬೇಲಿಯ ಮೂರನೆಯ ಕಂಬದಿಂದ ಹನ್ನೊಂದು ಹೆಜ್ಜೆ. ಪಂದ್ಯ ಮುಗಿದ ಕೂಡಲೇ ಒಂದು ಬುಟ್ಟಿ ಮರಳು ತರಬೇಕು ಎಂದುಕೊಂಡ. ಅಷ್ಟರಲ್ಲಿ ಆ ಹದಿನೇಳು ಚೀಲದ ಮಣ್ಣಿನಿಂದಲೇ ಎಬ್ಬಿಸಿದ ದಿಬ್ಬದ ಮೇಲೆ ಸಕಾಮೊತೊ ಚೆಂಡು ಎಸೆಯಲು ಮತ್ತೆ ಕೈಯೆತ್ತಿದ.