ಕೇಳಬಾರದ್ದು

“ಗಂಡ ಬಿಟ್ಟೋಳು ಅಂತೀಯ. ನಾಳೆ ಇನ್ನೊಬ್ಬನ್ನ ಕಟ್ಕೊಂಡು ಹೊಟ್ಟೆ ಮುಂದೆ ಮಾಡ್ಕೊಂಡ್ರೆ ಕಂತು ನಿಮ್ಮಪ್ಪ ಕಟ್ತಾನಾ?”

ಸಾಲ ಕೊಡುವ ಅಧಿಕಾರಿ ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಕೇಳಿದ. ಮೀನು ಸೀಳುವವಳು ಕೈಗಳನ್ನು ಮೇಜಿನ ಕೆಳಕ್ಕೆ ಎಳೆದುಕೊಂಡಳು. ಬರುವ ಮುಂಚೆ ನಿಂಬೆಸಿಪ್ಪೆ ಹಾಕಿ ತಿಕ್ಕಿದ್ದರೂ ಉಗುರಿನ ಸಂದಿಯ ನಾತ ಹೋಗಿರಲಿಲ್ಲ. ಸಾಹುಕಾರನ ಷೆಡ್ಡಿನಲ್ಲಿ ಕುಕ್ಕರುಗಾಲಲ್ಲಿ ಕೂತು ಸೀಳಿ ಸೀಳಿ ಸೊಂಟ ಬಿದ್ದುಹೋಗಿತ್ತು. ತನ್ನದೇ ಒಂದು ತಳ್ಳುಗಾಡಿ, ಒಂದು ಐಸ್ ಪೆಟ್ಟಿಗೆ ಆದರೆ ಸಾಕು ಅಂತ ಬಂದವಳು.

“ಯಾರನ್ನೂ ಕಟ್ಕೊಳಲ್ಲ ಸಾರ್.”

“ಎಲ್ಲಾರೂ ಹಂಗೇ ಅನ್ನೋದು. ಮುಟ್ಟು ನಿಂತಿದೆಯಾ?”

ಪಕ್ಕದ ಮೇಜಿನ ಗುಮಾಸ್ತ ಬರೆಯುವುದನ್ನು ನಿಲ್ಲಿಸಿದ.

“ಆಪ್ರೇಷನ್ ಆಗಿದೆ ಸಾರ್.”

“ಬಾಯಲ್ಲಿ ಹೇಳಿದ್ರೆ ಆಗೋಯ್ತಾ?”

ತೋರಿಸು ಅಂತ ಅವನು ಹೇಳಲಿಲ್ಲ. ಆಮೇಲೆ ಅವಳನ್ನು ಕಿತ್ತು ತಿಂದದ್ದು ಅದೇ. ತಾನಾಗಿ ಎದ್ದು ನಿಂತು, ಸೊಂಟದ ಬಟ್ಟೆ ಕೆಳಕ್ಕೆ ಜಾರಿಸಿ, ಕಿಬ್ಬೊಟ್ಟೆಯ ಗಾಯದ ಗೆರೆ ತೋರಿಸಿದಳು. ಗುಮಾಸ್ತನೂ ಕತ್ತು ಉದ್ದ ಮಾಡಿದ.

“ಸರಿ, ಹೊರಗೆ ಕೂತ್ಕೋ.”

ಹೊರಗೆ ಹೆಂಗಸರ ಸಾಲು ಗೋಡೆಗಂಟಿ ನಿಂತಿತ್ತು. ಮುಂದಿನ ಸರದಿ ಅವಳ ನಾದಿನಿಯದು. ಅಣ್ಣ ಅತ್ತಿಗೆಯನ್ನು ಬಿಟ್ಟು ಹೋದರೂ ಅತ್ತಿಗೆಯನ್ನು ಬಿಡದವಳು. ಈಚೆಗೆ ಮದುವೆಯಾದ ಹುಡುಗಿ, ನಾಲ್ಕಕ್ಷರ ಬಲ್ಲವಳು. ಗೋಡೆಯ ಮೇಲಿನ ಸರ್ಕಾರಿ ಹಾಳೆಯನ್ನು ಬೆರಳಿಟ್ಟು ಓದುತ್ತಿದ್ದಳು.

“ಅತ್ತಿಗೆ, ನೋಡಿಲ್ಲಿ. ದುಡಿಮೆ ಎಷ್ಟು, ಬೇರೆ ಸಾಲ ಇದೆಯಾ, ಅದನ್ನ ಕೇಳ್ಬೋದಂತೆ. ಮಕ್ಕಳಾಗ್ತವಾ, ಯಾವ ಜನ, ಅಂಥದ್ದೆಲ್ಲ ಕೇಳೋ ಹಂಗಿಲ್ವಂತೆ. ಕಾನೂನಂತೆ. ನಿನ್ನ ಏನಾದ್ರೂ ಕೇಳಿದ್ನಾ?”

ಮೀನು ಸೀಳುವವಳು ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಳು.

“ಇಲ್ಲಪ್ಪ. ದುಡಿಮೆ ಕೇಳ್ದ, ಅಷ್ಟೆ.”

ನಾದಿನಿ ಒಳಗೆ ಹೋದಳು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

“ಹೊಸ ಮದುವೆ. ಹೊಟ್ಟೇಲಿ ಏನಾದ್ರೂ ಇದೆಯಾ?”

“ಅದನ್ನ ಕೇಳೋ ಹಂಗಿಲ್ಲ ಸಾರ್. ಹೊರಗೆ ಹಾಕಿದೀರಲ್ಲ.”

“ಓಹೋ, ಲಾಯರಮ್ಮ. ಹೊರಗೆ ಅತ್ತಿಗೆ ಅಂತಿದ್ದೆಯಲ್ಲ, ಅವಳು ಕೇಳಿದ್ದಕ್ಕೆಲ್ಲ ಬಾಯಿ ಬಿಟ್ಳು. ಬಟ್ಟೆ ಸರಿಸಿ ತೋರಿಸಿಯೂ ಹೋದ್ಳು. ನಿಂದೇನು ಚಿನ್ನದ ಹೊಟ್ಟೆನಾ?”

ಗುಮಾಸ್ತ ಕಿಸಕ್ಕನೆ ನಕ್ಕ. ಹೊರಗೆ ಅತ್ತಿಗೆಗೆ ಎಲ್ಲ ಕೇಳಿಸಿತು. ನೆಲ ಬಾಯಿಬಿಟ್ಟರೆ ಇಳಿದುಬಿಡುತ್ತಿದ್ದಳು, ಬಿಡಲಿಲ್ಲ. ಬಾಗಿಲು ದಬ್ಬಿ ಒಳಗೆ ಹೋಗಿ ಅವನ ಎದುರಿನ ಕುರ್ಚಿಯಲ್ಲಿ ಕೂತಳು.

“ಸಾರ್, ನಿಮ್ಮ ಹೆಂಡ್ತಿಗೆ ಮುಟ್ಟು ನಿಂತಿದೆಯಾ?”

“ಏಯ್, ನಾಲಿಗೆ ಬಿಗಿ ಹಿಡಿ.”

“ಅವಳು ನಿಮ್ಜೊತೇನೇ ಇದಾಳಾ, ಬಿಟ್ಟೋಗಿದಾಳಾ? ಆಪ್ರೇಷನ್ ಅವಳಿಗಾಗಿದೆಯಾ, ನಿಮಗಾ? ಬಾಯಲ್ಲಿ ಹೇಳಿದ್ರೆ ಆಗಲ್ಲ. ಎದ್ದು ತೋರ್ಸು ಬೋಳಿಮಗನೆ.”

ಅಧಿಕಾರಿ ಕಾವಲುಗಾರನನ್ನು ಕೂಗಿದ. ಕಾವಲುಗಾರ ಇಬ್ಬರನ್ನೂ ರಟ್ಟೆ ಹಿಡಿದು ಹೊರಗೆ ನೂಕಿದ. ಇವತ್ತು ಯಾರಿಗೂ ಸಾಲ ಇಲ್ಲ ಅಂತ ಒಳಗಿಂದ ಚಿಲಕ ಬಿತ್ತು.

ಸಾಲಿನ ಹೆಂಗಸರು ಮೈಮೇಲೆ ಬಂದರು.

“ನಿನ್ನ ಮನೆ ಹಾಳಾಗ. ಕೂಲಿ ಬಿಟ್ಟು ಬಂದಿದೀವಿ.”

“ಆ ಹುಡುಗಿ ಹೇಳ್ಬಿಟ್ಟಿದ್ರೆ ಅವಳ ಗಂಟೇನು ಹೋಗ್ತಿತ್ತೆ ಮುಂಡೆ?”

ನಾದಿನಿ ದೂರ ಸರಿದು ನಿಂತಿದ್ದಳು. ಅತ್ತಿಗೆಯ ಮುಖ ನೋಡಲಿಲ್ಲ.

ಮೀನು ಸೀಳುವವಳು ಹೊಸ್ತಿಲ ಮೇಲೆ ಕೂತಳು.

“ಬಯ್ರಿ. ನಾನು ಬಟ್ಟೆ ಸರಿಸಿ ತೋರಿಸಿದ್ದೂ ನಿಜ, ಇವಳ ಹತ್ರ ಸುಳ್ಳು ಹೇಳಿದ್ದೂ ನಿಜ. ಹೋದ ತಿಂಗಳು, ಅದರ ಹಿಂದಿನ ತಿಂಗಳು ಇದೇ ಸಾಲಕ್ಕೆ ನೀವೂ ಒಳಗೆ ಹೋಗಿ ಬಂದೋರೇ. ನೀವೇನೇನು ಹೇಳಿ ಬಂದ್ರಿ, ಅದನ್ನೂ ಒಂಚೂರು ಹೇಳ್ರಿ.”

ಎಲ್ಲರಿಗಿಂತ ಜೋರಾಗಿ ಬಯ್ಯುತ್ತಿದ್ದ ಕಸ ಗುಡಿಸುವ ಮುದುಕಿ ಮೊದಲು ತಲೆ ತಗ್ಗಿಸಿದಳು. ಆಮೇಲೆ ಒಬ್ಬೊಬ್ಬರಾಗಿ ಉಳಿದವರು.