ಭಾವ-ಮೈದುನರ ಎಂಜಿನ್

ಟಿಕೆಟ್ ಮಾರುವ ಕಂಪನಿಯ ಮಾಹಿತಿಯೆಲ್ಲ ಕ್ಲೌಡ್‌ಗೆ ಹೋಗುವುದಿತ್ತು. ಅದರಲ್ಲಿ ಬೇಕಾದ್ದನ್ನು ಹುಡುಕಿ ತೆಗೆಯಲು ಎರಡು ಓಪನ್ ಸೋರ್ಸ್ ಸಾಫ್ಟ್‌ವೇರ್ ಸಾಧನಗಳು ಕಣದಲ್ಲಿದ್ದವು, ಅಂದರೆ ಯಾರು ಬೇಕಾದರೂ ಕೋಡ್ ತೆರೆದು ನೋಡಬಹುದಾದವು. ಎರಡೂ ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದವು. ಅಲ್ಲಿ ಎಂಜಿನಿಯರುಗಳಾಗಿದ್ದ ಭಾವ-ಮೈದುನರಲ್ಲಿ ಭಾವ ಒಂದರ ಪರ, ಮೈದುನ ಇನ್ನೊಂದರ ಪರ. ಯಾರ ಸಾಧನ ಗೆಲ್ಲುತ್ತದೋ ಅವರೇ ಕ್ಲೌಡ್ ತಂಡದ ಮುಖ್ಯಸ್ಥರು ಎಂದು ಮ್ಯಾನೇಜರ್ ಹೇಳಿದ್ದರು.

ಪರೀಕ್ಷೆ ಅವರೆದುರೇ ನಡೆಯಿತು. ಉತ್ತರ ಒಂದೇ, ಹಿಡಿದ ಸಮಯವೂ ಹೆಚ್ಚುಕಡಿಮೆ ಒಂದೇ.

“ನಿಮ್ಮದು ಏದುಸಿರು ಬಿಡ್ತಿದೆ, ಭಾವ,” ಎಂದ ಮೈದುನ.

“ನಿಂದಿನ್ನೂ ಹಾಸಿಗೆ ಬಿಟ್ಟೇ ಎದ್ದಿಲ್ಲವಲ್ಲೋ!”

ಮ್ಯಾನೇಜರ್ ಬೇಕೆಂದೇ ಒಂದು ತಪ್ಪು ಪ್ರಶ್ನೆ ಹಾಕಿದರು. ಪ್ರಶ್ನೆ ತಪ್ಪಾಗಿದೆ ಎಂದು ಎರಡು ಪರದೆಗಳ ಮೇಲೂ ಅಕ್ಷರಶಃ ಒಂದೇ ದೂರು ಮೂಡಿತು. ಅನುಮಾನ ಬಂದು ಎರಡರ ಕೋಡ್ ತೆರೆದು ನೋಡಿದರು. ಒಳಗೆ ದುಡಿಯುತ್ತಿದ್ದ ಎಂಜಿನ್ ಒಂದೇ. ಹೊರಗಿನ ಹೊದಿಕೆ ಮಾತ್ರ ಬೇರೆ.

“ಇಷ್ಟು ದಿನ ಕಿತ್ತಾಡಿದ್ರಲ್ಲ, ಒಬ್ಬರಾದ್ರೂ ಒಳಗೆ ಇಣುಕಲಿಲ್ವಾ?”

“ನಂದನ್ನ ಪೂರ್ತಿ ಓದಿದ್ದೀನಿ ಮೇಡಂ,” ಎಂದ ಭಾವ. “ಇವನದ್ದನ್ನ ನಾನ್ಯಾಕೆ ಓದ್ಲಿ?”

ಮೈದುನನ ಉತ್ತರವೂ ಅದೇ ಆಗಿತ್ತು.

ಮುಖ್ಯಸ್ಥರ ಹುದ್ದೆಯನ್ನು ಮ್ಯಾನೇಜರ್ ತಾವೇ ಇಟ್ಟುಕೊಂಡರು. ಅವರಿಬ್ಬರಿಗೆ ಒಂದೊಂದು ಕೈಪಿಡಿ ಬರೆಯುವ ಕೆಲಸ ಕೊಟ್ಟರು, ಇನ್ನೊಬ್ಬನ ಸಾಧನದ್ದು.